ಗೇಟಿನ ತಿರುವಿನಲ್ಲಿ ಬಂದ ಸದ್ದು

ಸೆಪ್ಟೆಂಬರ್ ಕೊನೆಯ ವಾರ. ಮಳೆ ಸ್ವಲ್ಪ ಬಿಡುವು ಕೊಟ್ಟು ಎರಡು ದಿನ ಬಿಸಿಲು ಬಿದ್ದಿತ್ತು. ಬೆಳಿಗ್ಗೆ ಶಾಲೆಗೆ ಹೊರಟು, ತೋಟದ ಗೇಟಿನ ಹತ್ತಿರ ಕಾರನ್ನು ಎಡಕ್ಕೆ ತಿರುಗಿಸಿದೆ. ಮುಂದಿನಿಂದ 'ಟಂಗ್' ಅಂತ ಒಂದು ಸದ್ದು ಬಂತು. ಬಾವಿಯ ರಾಟೆಯಲ್ಲಿ ಸಿಕ್ಕಿಕೊಂಡ ಹಗ್ಗ ಎಳೆದೂ ಎಳೆದೂ ತಟ್ಟನೆ ಬಿಡಿಸಿಕೊಳ್ಳುತ್ತದಲ್ವಾ, ಹಾಗೆ. ಪಕ್ಕದಲ್ಲಿ ಕೂತಿದ್ದ ಅಪ್ಪ ನನ್ನ ಮುಖ ನೋಡಿದರು. "ಎಂಥ ಸದ್ದು ಮಾರಾಯ್ತಿ ಅದು?" ಅಂದರು. ನನಗೂ ಗೊತ್ತಿರಲಿಲ್ಲ.

ನಮ್ಮ ಮನೆ ಆಲ್ದೂರಿನ ಹತ್ತಿರ. ನಾನು ಪಾಠ ಮಾಡುವುದು ಚಿಕ್ಕಮಗಳೂರಿನಲ್ಲಿ. ದಿನಾ ಹೋಗಿ ಬರಲು ಸುಮಾರು 40 ಕಿಲೋಮೀಟರ್. ಇದರ ಜೊತೆಗೆ ತಿಂಗಳಿಗೊಮ್ಮೆ ಅಪ್ಪನನ್ನು ಚೆಕಪ್‌ಗೆ ಮಂಗಳೂರಿಗೆ ಕರೆದುಕೊಂಡು ಹೋಗಬೇಕು. ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯಬೇಕು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಅಂಥ ರಸ್ತೆಯಲ್ಲಿ ಸ್ಟೇರಿಂಗ್ ಮೇಲೆ ಒಂದು ಚೂರು ಅನುಮಾನ ಇಟ್ಟುಕೊಂಡು ಹೋಗುವುದು ನನ್ನಿಂದ ಆಗದ ಕೆಲಸ. ಅದಕ್ಕೇ ಈ ಸದ್ದಿನ ಹಿಂದೆ ಬಿದ್ದೆ.

ಕಾರು 2014ರ ಪೆಟ್ರೋಲ್ ಗಾಡಿ, ಚಿಕ್ಕದು. ಓಡಿದ್ದು 82,000 ಕಿಲೋಮೀಟರ್.

ಮೊದಲ ವಾರ ಸಿಕ್ಕಿದವರೆಲ್ಲ ಒಂದೊಂದು ಹೇಳಿದರು. ಪಕ್ಕದ ತೋಟದವರು "ಪವರ್ ಸ್ಟೇರಿಂಗ್ ಆಯಿಲ್ ಕಮ್ಮಿ ಆಗಿರ್ತದೆ, ಹಾಕಿಸಿ" ಅಂದರು. ಬಾನೆಟ್ ಎತ್ತಿ ಆಯಿಲ್ ಡಬ್ಬಿ ಹುಡುಕಿದೆ, ಸಿಗಲಿಲ್ಲ. ಆಮೇಲೆ ಕಾರಿನ ಪುಸ್ತಕ ನೋಡಿದಾಗ ಗೊತ್ತಾಯಿತು, ನಮ್ಮದು ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್. ಒಂದು ಸಣ್ಣ ಮೋಟಾರು ಕೈಗೆ ನೆರವಾಗುತ್ತದೆ, ಅಷ್ಟೇ. ಆಯಿಲ್ಲೂ ಇಲ್ಲ, ಪಂಪೂ ಇಲ್ಲ. ಹೈಡ್ರಾಲಿಕ್ ಇರುವ ಗಾಡಿಗಳಲ್ಲಿ ಆಯಿಲ್ ಇಳಿದರೆ ಸ್ಟೇರಿಂಗ್ ತಿರುಗಿಸುವಾಗ ಪಂಪು 'ಗುಂಯ್' ಅಂತ ನರಳುತ್ತದೆ. ಬೆಲ್ಟ್ ಸಡಿಲವಾದರೆ ಕೀರಲು ಸದ್ದು. ನಮ್ಮ ಸದ್ದು ಆ ಜಾತಿಯದೇ ಅಲ್ಲ. ನಿಮ್ಮ ಗಾಡಿಯದು ಯಾವ ಸ್ಟೇರಿಂಗ್ ಅಂತ ಮೊದಲು ತಿಳಿದುಕೊಳ್ಳಿ. ಅರ್ಧ ಸಲಹೆಗಳು ಅಲ್ಲೇ ಬಿದ್ದುಹೋಗುತ್ತವೆ.

ಎರಡನೇ ವಾರ ಸರ್ವಿಸ್ ಸೆಂಟರಿಗೆ ಒಯ್ದೆ. ಹುಡುಗನೊಬ್ಬ ಕೂತು ಎರಡು ಸುತ್ತು ಓಡಿಸಿಕೊಂಡು ಬಂದ. "ರ‍್ಯಾಕ್ ಹೋಗಿದೆ ಮೇಡಂ, ಅಸೆಂಬ್ಲಿನೇ ಬದಲಾಯಿಸಬೇಕು" ಅಂದ. ಎಸ್ಟಿಮೇಟ್ 24,000 ರೂಪಾಯಿ. ಸ್ಟೇರಿಂಗ್ ಚಕ್ರದ ಸುತ್ತಾಟವನ್ನು ಎಡ-ಬಲ ಸರಿದಾಟ ಮಾಡಿ ಗಾಲಿಗೆ ಮುಟ್ಟಿಸುವ ಹಲ್ಲಿನ ಉದ್ದ ಸರಳು ರ‍್ಯಾಕ್. ಸ್ಟೇರಿಂಗಿನ ಬೆನ್ನೆಲುಬು ಅದೇ. ಹೋಗಿದ್ದರೆ ಹಾಕಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನಾನು ಕೇಳಿದ್ದು ಒಂದೇ: "ಎಲ್ಲಿ ಸಡಿಲ ಇದೆ, ಕೈ ಹಾಕಿ ತೋರಿಸ್ತೀರಾ?" ಕಾರನ್ನು ಮೇಲೆತ್ತಿಯೇ ಇರಲಿಲ್ಲ. ತೋರಿಸಲು ಅವರಿಗೆ ಆಗಲಿಲ್ಲ. ಯೋಚಿಸಿ ಬರುತ್ತೇನೆ ಎಂದು ಹೇಳಿ ಹೊರಟುಬಂದೆ.

ಆ ರಾತ್ರಿ ಒಂದು ನೋಟ್‌ಬುಕ್ ತೆಗೆದೆ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ನಾನು. ನೋಡಿದ್ದನ್ನು ಬರೆದಿಡಿ ಅಂತ ಅವರಿಗೆ ದಿನಾ ಹೇಳುತ್ತೇನೆ. ಸದ್ದು ಯಾವಾಗ ಬಂತು, ಕಾರು ನಿಂತಿತ್ತಾ ಓಡುತ್ತಿತ್ತಾ, ಸ್ಟೇರಿಂಗ್ ಎಷ್ಟು ತಿರುಗಿತ್ತು, ಕೈಗೆ ಗೊತ್ತಾಯಿತಾ ಕಾಲಿಗೆ ಗೊತ್ತಾಯಿತಾ, ಎಲ್ಲ ಬರೆಯತೊಡಗಿದೆ. ನಾಲ್ಕು ದಿನದಲ್ಲಿ ಒಂದು ಸಂಗತಿ ಹೊಳೆಯಿತು. ನಾನು ಒಂದೇ ಸದ್ದು ಅಂದುಕೊಂಡಿದ್ದು ಒಂದಲ್ಲ, ಎರಡು.

ಒಂದು, ಆ ಗೇಟಿನ 'ಟಂಗ್'. ಕಾರು ನಿಂತಿದ್ದರೂ ಬರುತ್ತದೆ, ನಿಧಾನ ತಿರುಗಿಸಿದರೂ ಬರುತ್ತದೆ. ಸ್ಟೇರಿಂಗ್ ನೇರ ಇದ್ದರೆ ಬರುವುದೇ ಇಲ್ಲ. ಇನ್ನೊಂದು 'ಕಟ್ ಕಟ್'. ಅದು ನಮ್ಮ ಮನೆಯಿಂದ ಮುಖ್ಯ ರಸ್ತೆಗೆ ಸೇರುವ ಜಲ್ಲಿ ದಾರಿಯಲ್ಲಿ, ಸ್ಟೇರಿಂಗ್ ನೇರವಾಗಿ ಹಿಡಿದಿದ್ದರೂ ಬರುತ್ತದೆ. ಅದರಲ್ಲೂ ಒಂದು ವಿಶೇಷ ಇತ್ತು. ಶಾಲೆ ಮುಂದಿನ ಹಂಪ್ ಮೇಲೆ ಎರಡೂ ಗಾಲಿ ಒಟ್ಟಿಗೆ ಹತ್ತಿ ಇಳಿದರೆ ಸದ್ದಿಲ್ಲ. ಒಂದೇ ಗಾಲಿ ಗುಂಡಿಗೆ ಇಳಿದರೆ 'ಕಟ್'. ಇದನ್ನು ಬರೆದಿಟ್ಟದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಶನಿವಾರ ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ಶಾಲೆಯ ಮೈದಾನದಲ್ಲಿ ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿದೆ. ಆಮೇಲೆ ಪೂರ್ತಿ ಎಡಕ್ಕೆ. ಎಂಜಿನ್ ಬಲವನ್ನು ಗಾಲಿಗೆ ಮುಟ್ಟಿಸುವ ಆಕ್ಸಲ್ಲಿನ ಜಾಯಿಂಟ್ ಸವೆದಿದ್ದರೆ ಹೀಗೆ ಸುತ್ತುವಾಗ 'ಕಟಕಟಕಟ' ಅಂತ ತಾಳ ಹಿಡಿದ ಹಾಗೆ ಸದ್ದು ಬರುತ್ತದೆ, ವೇಗ ಹೆಚ್ಚಿದರೆ ತಾಳವೂ ಹೆಚ್ಚುತ್ತದೆ. ಅಂಥದ್ದೇನೂ ಬರಲಿಲ್ಲ. ಟಾರ್ಚ್ ಹಿಡಿದು ಗಾಲಿಯ ಹಿಂದೆ ನೋಡಿದೆ. ಆಕ್ಸಲ್ಲಿನ ರಬ್ಬರ್ ಬೂಟು ಎರಡೂ ಕಡೆ ಗಟ್ಟಿ ಇತ್ತು, ಗ್ರೀಸ್ ಎಲ್ಲೂ ಚಿಮ್ಮಿರಲಿಲ್ಲ. ಆಕ್ಸಲ್ಲಿನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದೆ.

ಭಾನುವಾರ ಅಪ್ಪ ಬಂದು ಸೇರಿಕೊಂಡರು. ಅವರು ಎಸ್ಟೇಟಿನಲ್ಲಿ ಮೂವತ್ತು ವರ್ಷ ಜೀಪು ಓಡಿಸಿದವರು. ಮಳೆಗಾಲದ ಕೆಸರಿನಲ್ಲಿ ಜೀಪಿನ ಸದ್ದು ಕೇಳಿಯೇ ಎಲ್ಲಿ ಏನಾಗಿದೆ ಅಂತ ಹೇಳುತ್ತಿದ್ದರಂತೆ. ಈಗ ಕಿವಿ ಸ್ವಲ್ಪ ಮಂದ. ಆದರೂ "ಕಿವಿ ಬೇಡ, ಕೈ ಇಡು. ಕಬ್ಬಿಣ ಸುಳ್ಳು ಹೇಳೋದಿಲ್ಲ" ಅಂದರು. ಅವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟೆ. ನಾನು ಎಡಗಡೆ ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಟೈರಿನ ಮೇಲಿನ ಸಂದಿಯಿಂದ ಕೈ ತೂರಿಸಿ, ಸ್ಪ್ರಿಂಗಿನ ಹೊರಮೈಗೆ ಬೆರಳ ತುದಿ ತಾಗಿಸಿದೆ. ಸುರುಳಿಗಳ ನಡುವೆ ಬೆರಳು ಹೋಗಲೇಬಾರದು, ಜಜ್ಜಿಹೋಗುತ್ತದೆ. ಅಪ್ಪ ನಿಧಾನವಾಗಿ ತಿರುಗಿಸಿದರು.

ಮೊದಲು ಏನೂ ಇಲ್ಲ. ಗಾಲಿ ತಿರುಗುತ್ತಾ ಇದೆ, ಸ್ಪ್ರಿಂಗಿನ ಮೇಲ್ಭಾಗ ಮಾತ್ರ ತಿರುಗುತ್ತಿಲ್ಲ. ಬಟ್ಟೆ ಹಿಂಡುವಾಗ ಒಂದು ತುದಿ ಗಟ್ಟಿ ಹಿಡಿದು ಇನ್ನೊಂದು ತುದಿ ತಿರುಚಿದ ಹಾಗೆ, ಅದು ಬಿಗಿಯಾಗುತ್ತಾ ಹೋಯಿತು. ಬೆರಳಿಗೆ ಆ ಬಿಗಿ ಗೊತ್ತಾಗುತ್ತಿತ್ತು. ಆಮೇಲೆ ತಟ್ಟನೆ 'ಟಂಗ್'. ಇಡೀ ಸ್ಪ್ರಿಂಗ್ ಬೆರಳಡಿ ಜಿಗಿಯಿತು, ನಡುಕ ಮೊಣಕೈವರೆಗೂ ಬಂತು. "ಅಪ್ಪಾ, ಸಿಕ್ಕಿತು" ಅಂತ ಕೂಗಿದೆ. ಬಲಗಡೆಯೂ ನೋಡಿದೆವು. ಅಲ್ಲಿ ಸಣ್ಣ ಒದ್ದಾಟ ಇತ್ತು, ಜಿಗಿತ ಇರಲಿಲ್ಲ.

ಇದರ ಒಳಗುಟ್ಟು ಹೀಗಿದೆ. ನಮ್ಮಂಥ ಬಹಳಷ್ಟು ಚಿಕ್ಕ ಕಾರುಗಳ ಮುಂಭಾಗದಲ್ಲಿ ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಒಂದೇ ಕಂಬವಾಗಿ ನಿಂತಿರುತ್ತವೆ. ಮ್ಯಾಕ್‌ಫರ್ಸನ್ ಸ್ಟ್ರಟ್ ಅಂತ ಹೆಸರು. 1940ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ್ದು, ಇವತ್ತಿಗೂ ಅದೇ ನಡೆಯುತ್ತಿದೆ. ಸ್ಟೇರಿಂಗ್ ತಿರುಗಿಸಿದರೆ ಗಾಲಿಯ ಜೊತೆ ಈ ಕಂಬವೂ ತಿರುಗಬೇಕು. ಆದರೆ ಕಂಬದ ತಲೆ ಕಾರಿನ ಬಾಡಿಗೆ ಬೋಲ್ಟ್ ಆಗಿರುತ್ತದೆ. ತಿರುಗುವುದಕ್ಕೂ ತಿರುಗದೇ ಇರುವುದಕ್ಕೂ ನಡುವೆ ಒಂದು ಬೇರಿಂಗ್ ಇರುತ್ತದೆ, ಬಳೆಯಷ್ಟು ಅಗಲದ್ದು. ಅದು ಹಿಡಿದುಕೊಂಡರೆ ಸ್ಪ್ರಿಂಗ್ ತಿರುಚಿಕೊಳ್ಳುತ್ತದೆ, ತಾಳುವಷ್ಟು ತಾಳಿ ಜಾರುತ್ತದೆ. ಒಂದು ತಿಂಗಳಿಂದ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುತ್ತಿರಲಿಲ್ಲ, ನಾನೇ ಎಳೆದು ತರುತ್ತಿದ್ದೆ. ಅದೂ ಇದರದೇ ಗುರುತು. ನೋಟ್‌ಬುಕ್ಕಿನಲ್ಲಿ ಅದನ್ನು ಬರೆದಿರಲಿಲ್ಲ, ಯಾಕೆಂದರೆ ಅದು ಸದ್ದಲ್ಲ. ಬರೆಯಬೇಕಿತ್ತು.

ಸೋಮವಾರ ಅರ್ಧ ದಿನ ರಜೆ ಹಾಕಿ ಊರಿನ ಒಂದು ಸಣ್ಣ ಗ್ಯಾರೇಜಿಗೆ ಹೋದೆ. ಅಲ್ಲಿನ ಅಣ್ಣ ನಮ್ಮ ಹಳೇ ಸ್ಕೂಟರಿನ ಕಾಲದಿಂದ ಪರಿಚಯ. ನೋಟ್‌ಬುಕ್ ಕೊಟ್ಟೆ. ಕೈಯ ಗ್ರೀಸ್ ಒರೆಸಿಕೊಂಡು, ನಿಂತಲ್ಲೇ ಎರಡು ಪುಟ ಪೂರ್ತಿ ಓದಿದರು. "ಮೇಡಂ, ಹೀಗೆ ಬರೆದುಕೊಂಡು ಬಂದ್ರೆ ನನ್ನ ಅರ್ಧ ಕೆಲಸ ಮುಗೀತು" ಅಂದರು. ಆಮೇಲೂ ತಮ್ಮ ಕೆಲಸ ತಾವು ಮೊದಲಿಂದಲೇ ಮಾಡಿದರು. ಅದು ನನಗೆ ತುಂಬಾ ಹಿಡಿಸಿತು.

ಗೋಡೆಗೆ ತೂಗುಹಾಕಿದ್ದ ಮೊಳದುದ್ದದ ಸ್ಕ್ರೂಡ್ರೈವರ್ ತಂದರು. ಹುಡುಗನನ್ನು ಸ್ಟೇರಿಂಗಿಗೆ ಕೂರಿಸಿ, ಬಾನೆಟ್ ಎತ್ತಿ, ಸ್ಕ್ರೂಡ್ರೈವರಿನ ತುದಿಯನ್ನು ಸ್ಟ್ರಟ್ಟಿನ ತಲೆಯ ಮೇಲಿಟ್ಟು ಹಿಡಿಗೆ ಕಿವಿ ಕೊಟ್ಟರು. "ನೀವೂ ಕೇಳಿ" ಅಂತ ನನಗೂ ಕೊಟ್ಟರು. ಡಾಕ್ಟರ ಸ್ಟೆತಾಸ್ಕೋಪಿನ ಹಾಗೆಯೇ. ಎಂಜಿನ್ ಸದ್ದು ದೂರ ಸರಿದು, ಒಳಗಿನ 'ಕರ್‌ರ್... ಟಂಗ್' ನನ್ನ ತಲೆಯೊಳಗೇ ಆದಂತೆ ಕೇಳಿಸಿತು. ಅದೇ ತುದಿಯನ್ನು ರ‍್ಯಾಕಿನ ಮೈಗೆ ಇಟ್ಟು ಕೇಳಿದಾಗ ಅಲ್ಲಿ ಬರೀ ನಯವಾದ 'ಸರ್' ಅನ್ನೋ ಜಾರಾಟ. ಕಿವಿಯಲ್ಲಿ ಮಾತ್ರ ಕೇಳಿದ್ದರೆ ಎರಡೂ ಒಂದೇ ಜಾಗದಿಂದ ಬಂದಂತಿರುತ್ತಿತ್ತು. ಕಾರಿನ ಮುಂಭಾಗವೆಲ್ಲ ಒಂದಕ್ಕೊಂದು ಬೆಸೆದ ತಗಡು. ಒಂದು ಮೂಲೆಯ ಸದ್ದು ಇನ್ನೊಂದು ಮೂಲೆಯಲ್ಲಿ ಕೇಳಿಸುತ್ತದೆ.

ಆಮೇಲೆ ಕಾರನ್ನು ಜ್ಯಾಕ್ ಮೇಲೆ ಎತ್ತಿದರು. ಕೂಡಲೇ ಅಡಿಗೆ ಸ್ಟ್ಯಾಂಡ್ ಕೊಟ್ಟರು. ಬರೀ ಜ್ಯಾಕ್ ನಂಬಿ ಕಾರಿನ ಅಡಿಗೆ ಹೋಗುವುದಿಲ್ಲ ಅನ್ನೋದು ಅವರ ನಿಯಮ, ಯಾರೂ ಹೋಗಬಾರದು. ಗಾಲಿಯನ್ನು ಗಡಿಯಾರದ 9 ಮತ್ತು 3 ಇರುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರು. ಸ್ಟೇರಿಂಗಿನ ಎಳೆತವನ್ನು ಗಾಲಿಗೆ ಸೇರಿಸುವ ಕೀಲು, ಅಂದರೆ ಟೈ ರಾಡ್ ಎಂಡ್, ಸವೆದಿದ್ದರೆ ಇಲ್ಲಿ ಸಡಿಲ ಸಿಗುತ್ತದೆ. ಸಿಗಲಿಲ್ಲ. 12 ಮತ್ತು 6ರ ಜಾಗದಲ್ಲಿ ಹಿಡಿದರು. ಇದು ಗಾಲಿಯನ್ನು ಕೆಳಗಿನಿಂದ ಹಿಡಿದಿಡುವ ಕೀಲು, ಅಂದರೆ ಬಾಲ್ ಜಾಯಿಂಟ್, ಮತ್ತು ಗಾಲಿಯ ಬೇರಿಂಗಿಗೆ. ಅಲ್ಲೂ ಗಟ್ಟಿ. ಬಾಲ್ ಜಾಯಿಂಟ್ ಕಳಚಿದರೆ ಗಾಲಿ ಮಡಚಿಕೊಂಡೇ ಬಿಡುತ್ತದೆ. ಘಾಟಿಯಲ್ಲಿ ಹಾಗಾದರೆ ಅಂತ ಯೋಚಿಸಿಯೇ ನನ್ನ ಕೈ ತಣ್ಣಗಾಗಿತ್ತು. ಅವರು ಇನ್ನೊಮ್ಮೆ ಸರಳು ಕೊಟ್ಟು ಮೀಟಿ ನೋಡಿ "ಇಲ್ಲ ಮೇಡಂ, ಕಲ್ಲಿನ ಹಾಗಿದೆ" ಅಂದಾಗ ಉಸಿರು ಬಂತು.

ರ‍್ಯಾಕನ್ನು ಅವರು ತೋರಿಸಿದ ರೀತಿ ಎಲ್ಲರೂ ತಿಳಿದುಕೊಳ್ಳಬೇಕು. ರ‍್ಯಾಕಿನ ತುದಿಯ ಮಡಿಕೆ ಮಡಿಕೆಯ ರಬ್ಬರ್ ಕವಚವನ್ನು ಬೆರಳಲ್ಲಿ ಒತ್ತಿ ಒಳಗಿನ ಸರಳನ್ನು ಹಿಡಿದುಕೊಳ್ಳಲು ನನಗೆ ಹೇಳಿದರು. ಹುಡುಗ ಸ್ಟೇರಿಂಗನ್ನು ಅರ್ಧ ಇಂಚು ಆಚೆ ಈಚೆ ಮಾಡಿದ. ಅಲ್ಲಿ ಸವೆತ ಇದ್ದರೆ ಬೆರಳಿಗೆ 'ಟಕ್' ಅಂತ ಒಂದು ಹೊಡೆತ ಸಿಗಬೇಕು. ಅವನು ಅಲ್ಲಾಡಿಸಿದ ಹಾಗೇ ಸರಳೂ ಅಲ್ಲಾಡಿತು, ನಡುವೆ ಬಿಡುವೇ ಇಲ್ಲ. 24,000 ರೂಪಾಯಿಯ ರ‍್ಯಾಕ್ ಸರಿಯಾಗಿಯೇ ಇತ್ತು.

'ಕಟ್ ಕಟ್' ಹುಡುಕುವಾಗ ಕಾರನ್ನು ಮತ್ತೆ ಕೆಳಗಿಳಿಸಿದರು. ಯಾಕೆ ಅಂತ ಕೇಳಿದೆ. ಮುಂದಿನ ಎರಡು ಗಾಲಿಗಳನ್ನು ಜೋಡಿಸುವ ಒಂದು ಬಾಗಿದ ಸರಳು ಇರುತ್ತದೆ, ಕಾರು ತಿರುವಿನಲ್ಲಿ ವಾಲದ ಹಾಗೆ ತಡೆಯುವುದಕ್ಕೆ. ಅದನ್ನು ಸ್ಟ್ರಟ್ಟಿಗೆ ಸೇರಿಸುವುದು ಲಿಂಕ್ ರಾಡ್. ಎರಡೂ ಗಾಲಿ ಒಟ್ಟಿಗೆ ಏರಿದರೆ ಇದಕ್ಕೆ ಹೆಚ್ಚು ಕೆಲಸವಿಲ್ಲ. ಒಂದು ಏರಿ ಒಂದು ಇಳಿದರೆ ಪೂರ್ತಿ ಎಳೆತ ಇದರ ಮೇಲೆ. ನನ್ನ ಹಂಪ್ ಮತ್ತು ಗುಂಡಿಯ ಲೆಕ್ಕ ಓದಿದಾಗಲೇ ಅವರಿಗೆ ಲಿಂಕ್ ರಾಡ್ ಮೇಲೆ ಕಣ್ಣು ಬಿದ್ದಿತ್ತು. ಒಂದೇ ಗಾಲಿ ಎತ್ತಿ ಅಲ್ಲಾಡಿಸಿದರೆ ಆ ಸರಳು ಎಳೆದುಕೊಂಡು ನಿಂತಿರುತ್ತದೆ, ಇದ್ದ ಸಡಿಲವೂ ಮುಚ್ಚಿಹೋಗುತ್ತದೆ. ಎರಡೂ ಗಾಲಿ ನೆಲದ ಮೇಲಿರಬೇಕು, ಇಲ್ಲವೇ ಎರಡೂ ಮೇಲಿರಬೇಕು. ಕಾರು ನೆಲದ ಮೇಲಿದ್ದಾಗ ಲಿಂಕ್ ರಾಡನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಿದರು. 'ಕಟ್'. ನನ್ನ ಕೈಗೂ ಕೊಟ್ಟರು. ಅಲ್ಲಾಡುವ ಹಾಲುಹಲ್ಲು ಮುಟ್ಟಿದ ಹಾಗಿತ್ತು.

ಹೊಸ ಲಿಂಕ್ ರಾಡ್ ಜೋಡಿಯನ್ನು ಅಂದೇ ಹಾಕಿಸಿದೆ. ಎರಡು ರಾಡಿಗೆ 1,800 ರೂಪಾಯಿ. ಸ್ಟ್ರಟ್ಟಿನ ಬೇರಿಂಗ್ ಊರಲ್ಲಿ ಸಿಗಲಿಲ್ಲ, ಹಾಸನದಿಂದ ತರಿಸಬೇಕಾಯಿತು. ಆ ಎರಡು ದಿನ ಕಾರು ಓಡಿಸಿದ್ದು ಒಳ್ಳೆಯದೇ ಆಯಿತು. ಜಲ್ಲಿ ದಾರಿಯಲ್ಲಿ ಸದ್ದು ಪೂರ್ತಿ ನಿಂತಿತ್ತು. ಗೇಟಿನ 'ಟಂಗ್' ಹಾಗೇ ಇತ್ತು. ಎರಡನ್ನೂ ಒಂದೇ ದಿನ ಬದಲಾಯಿಸಿದ್ದರೆ ಯಾವುದು ಯಾವುದರಿಂದ ಹೋಯಿತು ಅಂತ ಗೊತ್ತಾಗುತ್ತಿರಲಿಲ್ಲ.

ಬುಧವಾರ ಸ್ಟ್ರಟ್ ಬಿಚ್ಚಿದರು. ಬಿಚ್ಚುವ ಮುಂಚೆ ಕೆಳಗಿನ ಎರಡು ಬೋಲ್ಟುಗಳ ಸುತ್ತ ಬಿಳಿ ಪೇಂಟಿನಲ್ಲಿ ಗುರುತು ಹಾಕಿಕೊಂಡರು, ಮತ್ತೆ ಅದೇ ಜಾಗಕ್ಕೆ ಕೂರಿಸುವುದಕ್ಕೆ. ಸ್ಪ್ರಿಂಗಿಗೆ ಎರಡು ಕಡೆ ಕಂಪ್ರೆಸರ್ ಕೊಕ್ಕೆ ಹಾಕಿ ಸುತ್ತು ಸುತ್ತಾಗಿ ಬಿಗಿದರು. ಆ ಹೊತ್ತು ಯಾರನ್ನೂ ಹತ್ತಿರ ಬಿಡಲಿಲ್ಲ. ಒತ್ತಿದ ಸ್ಪ್ರಿಂಗ್ ಕೈತಪ್ಪಿದರೆ ಪ್ರಾಣಕ್ಕೇ ಕುತ್ತು. ಇದು ಮನೆಯಲ್ಲಿ ಮಾಡುವ ಕೆಲಸ ಖಂಡಿತ ಅಲ್ಲ.

ಮೇಲಿನ ನಟ್ ಬಿಚ್ಚಿ ಬೇರಿಂಗ್ ತೆಗೆದು ನನ್ನ ಅಂಗೈ ಮೇಲಿಟ್ಟರು. ಅದರ ಅಂಚಿನಿಂದ ಕಂದು ನೀರು ಒಸರಿ ನನ್ನ ಕೈಗೆರೆಯಲ್ಲಿ ಇಳಿಯಿತು. ಗ್ರೀಸ್ ಇರಬೇಕಾದಲ್ಲಿ ಕೆಮ್ಮಣ್ಣಿನ ರಾಡಿ. ಎರಡು ಬೆರಳಲ್ಲಿ ತಿರುಗಿಸಲು ನೋಡಿದೆ. ರಾಗಿಕಲ್ಲಿನಲ್ಲಿ ಮರಳು ಸಿಕ್ಕ ಹಾಗೆ 'ಕರಕರ' ಅಂದು ನಿಂತೇಬಿಟ್ಟಿತು. ಒಳಗಿನ ಗುಂಡುಗಳು ತುಕ್ಕು ಹಿಡಿದು ಸಾಸಿವೆಯ ಬಣ್ಣಕ್ಕೆ ತಿರುಗಿದ್ದವು. ಹೊಸದನ್ನು ಪಕ್ಕದಲ್ಲಿ ತಿರುಗಿಸಿ ತೋರಿಸಿದರು. ಸದ್ದೇ ಇಲ್ಲದೆ ಸುತ್ತಿತು.

ಅಷ್ಟಕ್ಕೇ ಹೊಸದು ಹಾಕಿ ಕಳಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. "ಇಷ್ಟು ನೀರು ಇಲ್ಲಿಗೆ ಎಲ್ಲಿಂದ ಬಂತು?" ಅಂತ ತಮಗೆ ತಾವೇ ಕೇಳಿಕೊಂಡರು. ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿ ಬಿಚ್ಚಿದರು. ಒಳಗೆ ಸಿಲ್ವರ್ ಮರದ ಎಲೆಗಳು! ಗರಿ ಗರಿಯಾದ ಬೂದು ಬಣ್ಣದ ಎಲೆಗಳು ಕೊಳೆತು ಕಪ್ಪು ಮುದ್ದೆಯಾಗಿ ಕೂತಿದ್ದವು. ನಮ್ಮ ಕಾರು ನಿಲ್ಲುವುದು ಅಂಗಳದ ಅಂಚಿನ ಸಿಲ್ವರ್ ಮರಗಳ ಅಡಿ. ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ ಅಂತ ಬೆಳೆಸಿದ ಮರಗಳು. ಗಾಜಿನ ಮೇಲೆ ಬಿದ್ದ ಮಳೆನೀರು ಆ ಜಾಲರಿಯೊಳಗಿನ ತೊಟ್ಟಿಗೆ ಇಳಿದು, ಎರಡು ಬದಿಯ ತೂತಿನಿಂದ ನೆಲಕ್ಕೆ ಹೋಗಬೇಕು. ಎಡಗಡೆಯ ತೂತು ಪೂರ್ತಿ ಕಟ್ಟಿಹೋಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ಮಳೆ ಹೇಗಿರುತ್ತದೆ ಅಂತ ನಿಮಗೂ ಗೊತ್ತಲ್ವಾ. ತೊಟ್ಟಿ ತುಂಬಿ ಉಕ್ಕಿ, ನೀರೆಲ್ಲ ಸ್ಟ್ರಟ್ಟಿನ ತಲೆಯ ಮೇಲೇ ಸುರಿದಿತ್ತು. ಆ ತಲೆಯ ಮೇಲಿರಬೇಕಾದ ರಬ್ಬರ್ ಟೋಪಿಯೂ ಎಂದೋ ಬಿದ್ದುಹೋಗಿತ್ತು. ಎಡಗಡೆ ಯಾಕೆ ಜಾಸ್ತಿ, ಬಲಗಡೆ ಯಾಕೆ ಕಮ್ಮಿ ಅನ್ನುವುದಕ್ಕೂ ಉತ್ತರ ಅಲ್ಲೇ ಇತ್ತು.

ಬಲಗಡೆಯದನ್ನೂ ಬಿಡಲಿಲ್ಲ. ಎರಡೂ ಕಡೆ ಬೇರಿಂಗ್, ಮೇಲಿನ ರಬ್ಬರ್ ಮೌಂಟ್, ಹೊಸ ಟೋಪಿ ಹಾಕಿದರು. ಸಾಮಾನಿಗೆ 3,600, ಎರಡೂ ದಿನದ ಕೂಲಿ ಸೇರಿ 2,200. ಸ್ಟ್ರಟ್ ಬಿಚ್ಚಿದ ಮೇಲೆ ಗುರುತು ಎಷ್ಟೇ ಸರಿಯಾಗಿ ಕೂರಿಸಿದರೂ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲದಿದ್ದರೆ ಟೈರು ಒಂದು ಬದಿ ತಿಂದುಹೋಗುತ್ತದೆ. ಅದಕ್ಕೆ 600. ಎಲ್ಲ ಸೇರಿ 8,200.

ದೊಡ್ಡ ಸದ್ದು ಹೋದ ಮೇಲೆ ಅದರ ಹಿಂದೆ ಅಡಗಿದ್ದ ಚಿಕ್ಕದೊಂದು ಕೇಳಿಸತೊಡಗಿತು. ಬ್ರೇಕ್ ಪೆಡಲ್ ಹತ್ತಿರ 'ಕೀಂಚ್' ಅಂತ. ಮತ್ತೆ ಹೋದೆ. ಸ್ಟೇರಿಂಗಿನ ಸರಳು ಎಂಜಿನ್ ಕಡೆಗೆ ದಾಟುವ ಜಾಗದಲ್ಲಿ ಧೂಳು ತಡೆಯುವ ರಬ್ಬರ್ ಇದೆ, ಅದು ಒಣಗಿ ಉಜ್ಜುತ್ತಿತ್ತು. ಸರಳಿನ ಜಾಯಿಂಟ್ ಬೋಲ್ಟ್ ಬಿಗಿ ಇದೆಯಾ ಅಂತ ಮೊದಲು ನೋಡಿ, ಆಮೇಲೆ ರಬ್ಬರಿಗೆ ಸಿಲಿಕೋನ್ ಗ್ರೀಸ್ ಸವರಿದರು. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗಬಹುದು. ಐದು ನಿಮಿಷದ ಕೆಲಸ, ದುಡ್ಡು ತೆಗೆದುಕೊಳ್ಳಲಿಲ್ಲ.

ಅಕ್ಟೋಬರ್ ಮೂರನೇ ವಾರ ಅಪ್ಪನ ಚೆಕಪ್. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಘಾಟಿ ಇಳಿದೆವು. ಮಂಜು ತೆಳ್ಳಗಿತ್ತು. ಮೊದಲ ದೊಡ್ಡ ತಿರುವು ಮುಗಿದಾಗ ಕೈಯ ಹಿಡಿತ ಸ್ವಲ್ಪ ಸಡಿಲಿಸಿದೆ. ಸ್ಟೇರಿಂಗ್ ಅಂಗೈಯಲ್ಲಿ ಜಾರುತ್ತಾ ತಾನೇ ನೇರಕ್ಕೆ ಬಂತು. ಅಪ್ಪ ಅದನ್ನೇ ನೋಡುತ್ತಿದ್ದರು. "ಈಗ ಸರಿ ಆಯ್ತು ನೋಡು" ಅಂದು ಸೀಟಿಗೆ ಒರಗಿ ಕಣ್ಣು ಮುಚ್ಚಿದರು. ಉಜಿರೆ ಬರುವವರೆಗೂ ಎದ್ದಿರಲಿಲ್ಲ.

ಸಿಲ್ವರ್ ಮರದ ಅಡಿಯಿಂದ ಕಾರನ್ನು ಕಣದ ಪಕ್ಕದ ಶೀಟಿನ ಮಾಡಿಗೆ ಸ್ಥಳಾಂತರಿಸಿದ್ದೇವೆ. ಕಾಫಿ ಕುಯ್ಲು ಶುರುವಾದರೆ ಆ ಜಾಗ ಮೂಟೆಗಳಿಗೆ ಬೇಕು, ಆಗ ಮತ್ತೆ ಮರದಡಿಗೇ. ಹಾಗಾಗಿ ಭಾನುವಾರಕ್ಕೊಮ್ಮೆ ಜಾಲರಿಯ ಬುಡದ ಎಲೆ ತೆಗೆದು, ಒಂದು ಚೊಂಬು ನೀರು ಹೊಯ್ದು, ಎರಡೂ ಬದಿಯಿಂದ ನೆಲಕ್ಕೆ ಇಳಿಯುತ್ತದಾ ಅಂತ ನೋಡುತ್ತೇನೆ. ಗಾಲಿಯನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ರಬ್ಬರ್ ಬುಷ್‌ಗಳಲ್ಲಿ ಸಣ್ಣ ಬಿರುಕು ಕಾಣಿಸಿದೆ ಅಂತ ಗ್ಯಾರೇಜಿನ ಅಣ್ಣ ಹೇಳಿದ್ದಾರೆ. ಈಗ ಸದ್ದಿಲ್ಲ, ಮುಂದಿನ ಮುಂಗಾರಿನ ಒಳಗೆ ಹಾಕಿಸಬೇಕು. ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದೇನೆ.